ಟೀಕಿಸಿದ ಹುಡುಗನೇ ಕತೆಗಾರನಾದಾಗ

1986ರ ಡಿಸೆಂಬರ್ ತಿಂಗಳು. ಬ್ರಿಟನ್ನಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ ‘ಓಪನ್ ಏರ್’ ಎಂಬ ಕಾರ್ಯಕ್ರಮವೊಂದು ಆಗ ನಡೆಯುತ್ತಿತ್ತು. ತಾವು ನೋಡಿದ ಕಾರ್ಯಕ್ರಮಗಳ ಗುಣದೋಷಗಳನ್ನು ಪ್ರೇಕ್ಷಕರು ಮುಚ್ಚುಮರೆಯಿಲ್ಲದೆ ಹೇಳುವುದಕ್ಕೆಂದೇ ಏರ್ಪಟ್ಟ ವೇದಿಕೆ ಅದು. ಒಂದು ದಿನ ‘ಡಾಕ್ಟರ್ ಹೂ’ ಎಂಬ ವಿಜ್ಞಾನ ಕಲ್ಪನೆಯ ಧಾರಾವಾಹಿಯ ಅಭಿಮಾನಿಗಳು ಕೆಲವರು ಅದರಲ್ಲಿ ಪಾಲ್ಗೊಂಡರು. ಅವರಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದನು. ಆಗತಾನೆ ಮುಗಿದಿದ್ದ ಕತೆಯ ಬಗ್ಗೆ ಅವನ ಅಭಿಪ್ರಾಯ ಕೇಳಿದಾಗ ಅವನು ಸ್ವಲ್ಪವೂ ಅಳುಕಲಿಲ್ಲ. ಬರವಣಿಗೆ ಇನ್ನೂ ಚೆನ್ನಾಗಿರಬಹುದಿತ್ತು. ಕೊನೆಯ ಭಾಗವಂತೂ ಹಿಡಿಸಲಿಲ್ಲ. ಅದೇ ಸವೆದ ಹಾದಿ, ಅದೇ ಮೊಗಸಾಲೆಗಳ ಓಡಾಟ, ಅವೇ ಪೆದ್ದು ಭೂತಾಕಾರಗಳು ಎಂಬುದು ಅವನ ಮಾತಿನ ತಾತ್ಪರ್ಯ. ಆ ಕಾರ್ಯಕ್ರಮದಲ್ಲಿ ಭಾಗವಹಿಸಿದ್ದ ಪಿಪ್ ಬೇಕರ್ ಮತ್ತು ಜೇನ್ ಬೇಕರ್ ದಂಪತಿಗಳೇ ಆ ಕೊನೆಯ ಕಂತನ್ನು ಬರೆದವರು!

ಹುಡುಗನ ಹೆಸರು ಕ್ರಿಸ್ ಚಿಬ್ನಾಲ್. ಮೂವತ್ತೆರಡು ವರ್ಷಗಳ ಬಳಿಕ, ಅಂದರೆ 2018ರಲ್ಲಿ, ಅದೇ ಧಾರಾವಾಹಿಯ ಮುಖ್ಯ ಲೇಖಕನಾಗಿ, ನಿರ್ಮಾಣದ ಸೂತ್ರಧಾರನಾಗಿ ಅವನೇ ಕುಳಿತನು. ಆಗ ಲಕ್ಷಾಂತರ ಅಭಿಮಾನಿಗಳು ಅವನ ಕಂತುಗಳನ್ನು ನೋಡಿ ತಮ್ಮ ಅಭಿಪ್ರಾಯವನ್ನು ಅಷ್ಟೇ ನಿರ್ದಾಕ್ಷಿಣ್ಯವಾಗಿ ಹೇಳಿದರು.

ನೀಲಿ ಪೆಟ್ಟಿಗೆಯ ಯಾತ್ರಿಕ

ಈ ಧಾರಾವಾಹಿ ಆರಂಭವಾದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಕೊಲೆಯಾಗಿತ್ತು. ಆ ಸುದ್ದಿಯ ಗದ್ದಲದಲ್ಲಿ ಕತೆಯ ಆರಂಭವನ್ನು ಎಷ್ಟೋ ಮಂದಿ ನೋಡಲಾಗದುದರಿಂದ ಮುಂದಿನ ವಾರ ಎರಡನೆಯ ಕಂತಿಗೆ ಮೊದಲು ಅದನ್ನು ಮತ್ತೊಮ್ಮೆ ತೋರಿಸಬೇಕಾಯಿತು. ಆ ಮೊದಲ ಕತೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ನಮ್ಮ ಲಖನೌ ನಗರದಲ್ಲಿ ಹುಟ್ಟಿದವರೆಂಬುದು ಭಾರತೀಯರಿಗೆ ಸಂತೋಷದ ಸಂಗತಿ.

ಕಥಾನಾಯಕನಿಗೆ ‘ಡಾಕ್ಟರ್’ ಎಂಬುದಲ್ಲದೆ ಬೇರೆ ಹೆಸರಿಲ್ಲ. ಹೊರಗಿನಿಂದ ನೋಡಿದರೆ ಪೊಲೀಸರ ನೀಲಿ ಬಣ್ಣದ ಟೆಲಿಫೋನ್ ಪೆಟ್ಟಿಗೆ. ಒಳಹೊಕ್ಕರೆ ಅರಮನೆಯಷ್ಟು ವಿಶಾಲ. ಅದೇ ಅವನ ವಾಹನ. ಅದರಲ್ಲಿ ಕುಳಿತು ಭೂತ, ಭವಿಷ್ಯತ್ತು, ಅನ್ಯ ಗ್ರಹಗಳಲ್ಲೆಲ್ಲ ಅವನು ಸಂಚರಿಸುವನು. ಸಾವು ಸಮೀಪಿಸಿದಾಗ ಅವನು ಸಾಯದೆ ಹೊಸ ರೂಪ ತಾಳುವನು. 1966ರಲ್ಲಿ ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಸ್ಥಾನಕ್ಕೆ ಪ್ಯಾಟ್ರಿಕ್ ಟ್ರೌಟನ್ ಬಂದಾಗ ಹೂಡಿದ ಈ ಯುಕ್ತಿಯೇ ಧಾರಾವಾಹಿಗೆ ದೀರ್ಘಾಯುಷ್ಯವನ್ನು ಕೊಟ್ಟಿತು. ಪ್ರತಿ ರೂಪಾಂತರದಲ್ಲೂ ಹೊಸ ಡಾಕ್ಟರ್ ವಾಸಿಯೋ ಹಳೆಯವನು ವಾಸಿಯೋ ಎಂಬ ಚರ್ಚೆ ಮನೆಮನೆಗಳಲ್ಲಿ ಏಳುವುದು. ಹೀಗೆ ಅಭಿಪ್ರಾಯ ಹೇಳುವುದು ಆ ಅಭಿಮಾನಿಗಳಿಗೆ ಕತೆ ನೋಡುವುದರಷ್ಟೇ ಪ್ರಿಯವಾದ ಕೆಲಸವಾಯಿತು.

ತೆರೆಯ ಹಿಂದೆ ನಡೆದದ್ದು

ಹುಡುಗ ಚಿಬ್ನಾಲ್ ಟೀಕಿಸಿದ ಕತೆ ‘ದಿ ಟ್ರಯಲ್ ಆಫ್ ಎ ಟೈಮ್ ಲಾರ್ಡ್’. ಹದಿನಾಲ್ಕು ಭಾಗಗಳ ದೀರ್ಘ ಕಥನ. ಸುಮಾರು ಹದಿನೆಂಟು ತಿಂಗಳು ತೆರೆಯಿಂದ ದೂರವಿದ್ದ ಧಾರಾವಾಹಿ ಅದರೊಂದಿಗೆ ಮರಳಿತ್ತಾದುದರಿಂದ ಅಭಿಮಾನಿಗಳ ನಿರೀಕ್ಷೆ ಬೆಟ್ಟದಷ್ಟಿತ್ತು. ಆದರೆ ಅದರ ಮುಕ್ತಾಯ ಬರೆದವರು ಯಾವ ಇಕ್ಕಟ್ಟಿನಲ್ಲಿದ್ದರೆಂಬುದು ತೆರೆಯ ಮೇಲೆ ಕಾಣುವಂತಿರಲಿಲ್ಲ.

ಕೊನೆಯ ಎರಡು ಭಾಗಗಳನ್ನು ಬರೆಯಬೇಕಾಗಿದ್ದವರು ರಾಬರ್ಟ್ ಹೋಮ್ಸ್ ಎಂಬ ಹಿರಿಯ ಲೇಖಕರು. ಹದಿನಾಲ್ಕನೆಯ ಭಾಗ ಬರೆಯುವ ಮೊದಲೇ, 1986ರ ಮೇ ತಿಂಗಳಿನಲ್ಲಿ, ಅವರು ತೀರಿಕೊಂಡರು. ಕಥಾ ಸಂಪಾದಕ ಎರಿಕ್ ಸಾವರ್ಡ್ ಆ ಭಾಗವನ್ನು ತಾವೇ ಬರೆದರು. ಆದರೆ ಕತೆ ಹೇಗೆ ಮುಗಿಯಬೇಕೆಂಬ ವಿಷಯದಲ್ಲಿ ಅವರಿಗೂ ನಿರ್ಮಾಪಕ ಜಾನ್ ನೇಥನ್-ಟರ್ನರ್ ಅವರಿಗೂ ಒಮ್ಮತವಾಗಲಿಲ್ಲ. ಸಾವರ್ಡ್ ತಮ್ಮ ಬರಹವನ್ನು ಹಿಂತೆಗೆದುಕೊಂಡರು. ಆಗ ಬೇಕರ್ ದಂಪತಿಗಳಿಗೆ ಕರೆ ಬಂದಿತು. ಹದಿಮೂರನೆಯ ಭಾಗದ ಪ್ರತಿಯನ್ನು ಅವರ ಕೈಗಿತ್ತರು. ಮುಂದೆ ಏನಾಗಬೇಕೆಂದು ಸಾವರ್ಡ್ ಬರೆದಿದ್ದರೆಂಬುದನ್ನು ಮಾತ್ರ, ಕೃತಿಸ್ವಾಮ್ಯದ ತೊಡಕಿನ ಭಯದಿಂದ, ತಿಳಿಸಲಿಲ್ಲ. ಇನ್ನೊಬ್ಬರು ಹಾಕಿದ ಗಂಟನ್ನು, ಹಾಕಿದ ಬಗೆ ತಿಳಿಯದೆಯೇ, ಕೆಲವೇ ದಿನಗಳಲ್ಲಿ ಬಿಡಿಸಿಕೊಡಬೇಕಾಯಿತು.

ಹಾಗಾದರೆ ಹುಡುಗನ ಟೀಕೆ ಅನ್ಯಾಯವೆ? ಹಾಗೆನ್ನುವಂತಿಲ್ಲ. ಬಡಿಸಿದ ಎಲೆಯ ಮುಂದೆ ಕುಳಿತವನು ಸಾರಿಗೆ ಉಪ್ಪು ಕಡಿಮೆಯಾಗಿದ್ದರೆ ಕಡಿಮೆಯೆಂದೇ ಹೇಳಬೇಕು. ಅಡುಗೆಮನೆಯಲ್ಲಿ ಸೌದೆ ಹಸಿಯಾಗಿತ್ತೆಂಬುದು ಅವನಿಗೆ ತಿಳಿಯುವುದೆಂತು? ಅಡುಗೆಯವರ ಕಷ್ಟ ನಿಜ. ಉಂಡವನ ನಾಲಿಗೆಯೂ ಸುಳ್ಳಲ್ಲ.

ಪೀಠ ಬದಲಾದ ಮೇಲೆ

1989ರಲ್ಲಿ ನಿಂತುಹೋದ ‘ಡಾಕ್ಟರ್ ಹೂ’ 2005ರಲ್ಲಿ ಪುನಃ ಆರಂಭವಾಯಿತು. ಅದನ್ನು ಎಬ್ಬಿಸಿ ನಿಲ್ಲಿಸಿದ ರಸೆಲ್ ಟಿ. ಡೇವಿಸ್, ಅವರ ಬಳಿಕ ನಡೆಸಿದ ಸ್ಟೀವನ್ ಮೊಫಾಟ್ ಇಬ್ಬರೂ ಬಾಲ್ಯದಿಂದ ಅದರ ಅಭಿಮಾನಿಗಳೇ. 2013ರಲ್ಲಿ ಡಾಕ್ಟರ್ ಪಾತ್ರಕ್ಕೆ ಆಯ್ಕೆಯಾದ ಪೀಟರ್ ಕಪಾಲ್ಡಿ ಹದಿನೈದರ ವಯಸ್ಸಿನಲ್ಲಿ ಬರೆದ ಅಭಿಮಾನದ ಪತ್ರ 1974ರಲ್ಲಿ ‘ರೇಡಿಯೋ ಟೈಮ್ಸ್’ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಚಿಬ್ನಾಲ್ ಕೂಡ ಇದೇ ಸಾಲಿಗೆ ಸೇರಿದವರು. ‘ಬ್ರಾಡ್‌ಚರ್ಚ್’ ಎಂಬ ಪತ್ತೇದಾರಿ ಧಾರಾವಾಹಿಯಿಂದ 2013ರಲ್ಲಿ ದೊಡ್ಡ ಹೆಸರು ಗಳಿಸಿದ ಮೇಲೆ ಈ ಹೊಣೆ ಅವರ ಹೆಗಲೇರಿತು.

ಅವರು ಡಾಕ್ಟರ್ ಪಾತ್ರಕ್ಕೆ ಜೋಡಿ ವಿಟ್ಟೇಕರ್ ಎಂಬ ನಟಿಯನ್ನು ಆರಿಸಿದರು. ಈ ಪಾತ್ರವನ್ನು ಮಹಿಳೆಯೊಬ್ಬರು ವಹಿಸಿದ್ದು ಅದೇ ಮೊದಲು. 2018ರ ಅಕ್ಟೋಬರ್ 7ರಂದು ಬಂದ ಅವರ ಮೊದಲ ಕಂತನ್ನು ಬ್ರಿಟನ್ನಿನಲ್ಲಿ ಒಂದು ಕೋಟಿಗೂ ಹೆಚ್ಚು ಜನ ನೋಡಿದರು. ಅದೇ ವರ್ಷದ ನವೆಂಬರ್ 11ರಂದು ಪ್ರಸಾರವಾದ ‘ಡೀಮನ್ಸ್ ಆಫ್ ದಿ ಪಂಜಾಬ್’ ನಮ್ಮ ಓದುಗರ ಗಮನಕ್ಕೆ ಅರ್ಹವಾದುದು. ವಿನಯ್ ಪಟೇಲ್ ಬರೆದ ಈ ಕಂತಿನಲ್ಲಿ ಡಾಕ್ಟರ್ 1947ರ ದೇಶವಿಭಜನೆಯ ದಿನಗಳಿಗೆ ಹೋಗುವಳು. ಹಿಂದೂ ಯುವಕನೊಬ್ಬನಿಗೂ ಮುಸಲ್ಮಾನ ಕನ್ಯೆಗೂ ಮದುವೆ. ಗಡಿಯ ಗೆರೆ ಆ ಮನೆಯ ಹೊಲದ ನಡುವೆಯೇ ಹಾಯುವುದು. ಅನ್ಯಲೋಕದಿಂದ ಬಂದವರು ಕೊಲೆಗಡುಕರೆಂದು ನೋಡುಗರು ಅಂಜುತ್ತಿರುವಾಗ, ಕೊಲೆಗೆ ಕಾರಣರು ಸ್ವಂತ ಮನೆಯವರೂ ನೆರೆಯವರೂ ಎಂಬುದು ಹೊರಬೀಳುವುದು. ಕಟುವಾಗಿ ಟೀಕಿಸುತ್ತಿದ್ದ ಎಷ್ಟೋ ಅಭಿಮಾನಿಗಳೂ ಈ ಕಂತಿಗೆ ತಲೆದೂಗಿದರು.

ಆದರೆ ಮೆಚ್ಚುಗೆ ಎಲ್ಲ ಕಂತುಗಳಿಗೂ ದೊರೆಯಲಿಲ್ಲ. ಡಾಕ್ಟರಳ ಜೊತೆಗಾರರು ಮೂವರಾದುದರಿಂದ ಯಾರೊಬ್ಬರೂ ಮನಸ್ಸಿನಲ್ಲಿ ನಿಲ್ಲರೆಂದು ಕೆಲವರು ದೂರಿದರು. ಕತೆಗಿಂತ ಉಪದೇಶವೇ ಹೆಚ್ಚೆಂದು ಇನ್ನು ಕೆಲವರು. 2020ರ ಮಾರ್ಚ್ 1ರ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಕಂತು ದೊಡ್ಡ ಬಿರುಗಾಳಿಯನ್ನೇ ಎಬ್ಬಿಸಿತು. ಮೊದಲ ಡಾಕ್ಟರ್ ಎಂದು ಎಲ್ಲರೂ ನಂಬಿದವನಿಗೂ ಹಿಂದೆ ಅನೇಕ ಜನ್ಮಗಳಿದ್ದುವೆಂದು ಅದು ಸಾರಿತು. ಐವತ್ತಾರು ವರ್ಷಗಳ ಕತೆಯ ತಳಪಾಯವನ್ನೇ ಕದಲಿಸಿದರೆಂದು ಹಲವರು ನೊಂದುಕೊಂಡರು. ನಿಗೂಢತೆ ಮರಳಿತೆಂದು ಬೇರೆ ಹಲವರು ಹಿಗ್ಗಿದರು. 1986ರ ಆ ಹಳೆಯ ಚಿತ್ರಿಕೆಯನ್ನು ಹುಡುಕಿ ತೆಗೆದು, ‘ಅಂದು ಹೇಳಿದ ಮಾತು ಇಂದು ಯಾರಿಗೆ ಸಲ್ಲುವುದು?’ ಎಂದು ಹಂಗಿಸಿದವರೂ ಇದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ!

ನೋಡಿ ಹೇಳುವ ಮಾತು

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಟಿಯ ಆಯ್ಕೆ ಪ್ರಕಟವಾದದ್ದು 2017ರ ಜುಲೈ ತಿಂಗಳಿನಲ್ಲಿ. ಮೊದಲ ಕಂತು ಬಂದದ್ದು ಹದಿನೈದು ತಿಂಗಳ ಅನಂತರ. ಹೆಣ್ಣು ಡಾಕ್ಟರ್ ಆದಳೆಂಬ ಒಂದೇ ಕಾರಣಕ್ಕೆ, ಒಂದು ದೃಶ್ಯವನ್ನೂ ಕಾಣುವ ಮೊದಲೇ, ಕೆಲವರು ಧಾರಾವಾಹಿ ಕೆಟ್ಟಿತೆಂದು ತೀರ್ಪಿತ್ತರು. ಅದು ಅಭಿಪ್ರಾಯವಲ್ಲ, ಪೂರ್ವಗ್ರಹ. ಹದಿನಾರರ ಹುಡುಗ ನೋಡಿದ ಮೇಲೆ ಹೇಳಿದನು. ಎಲ್ಲಿ ಸೋತಿತೆಂಬುದನ್ನು ಬೆರಳಿಟ್ಟು ತೋರಿಸಿದನು. ಬರೆದವರು ಕೇಳುತ್ತಿರುವಾಗಲೇ ಹೇಳಿದನು. ಕತೆಯ ಮೇಲಿನ ಪ್ರೀತಿ ಆ ಮಾತಿನ ಬುಡದಲ್ಲಿತ್ತು. 2020ರಲ್ಲಿ ನೊಂದು ಮಾತನಾಡಿದ ಎಷ್ಟೋ ಅಭಿಮಾನಿಗಳದೂ ಅದೇ ಪ್ರೀತಿ.

ಚಿಬ್ನಾಲ್ 2022ರ ಅಕ್ಟೋಬರ್ 23ರ ಕಂತಿನೊಂದಿಗೆ ಆ ಹೊಣೆಯಿಂದ ಇಳಿದರು. ಬೇಕರ್ ದಂಪತಿಗಳು ಅಂದು ಕೇಳಿದುದನ್ನು ಅವರು ನಾಲ್ಕು ವರ್ಷಗಳ ಕಾಲ ಕೇಳಿದ್ದರು. ಆದರೂ ನಿಷ್ಠುರವಾದ ಮಾತನ್ನು ಅಭಿಮಾನಿಗಳು ನುಂಗಿಕೊಳ್ಳುವುದು ಒಳಿತೆಂದು ಯಾರೂ ಹೇಳಲಾರರು. ಇದು ಹೀಗಿರಬಾರದಿತ್ತು ಎಂದು ಚಡಪಡಿಸುವವನ ಮನಸ್ಸಿನಲ್ಲಿ ಹೇಗಿರಬೇಕಿತ್ತೆಂಬ ಕತೆಯೊಂದು ಆಗಲೇ ಮೊಳೆಯುತ್ತಿರುತ್ತದೆ. ಹಾಗೆ ಚಡಪಡಿಸಿದ ಮಕ್ಕಳೇ ಬೆಳೆದು ಆ ನೀಲಿ ಪೆಟ್ಟಿಗೆಯನ್ನು ಇಷ್ಟು ದೂರ ಸಾಗಿಸಿ ತಂದಿದ್ದಾರೆ.