ಹೊರಬೀಳದ ಗುಟ್ಟು: ಪಾಸ್‌ಕೀ ನಡೆದುಬಂದ ದಾರಿ

ತಾನು ತಾನೇ ಎಂಬುದನ್ನು ಪರರ ಮುಂದೆ ಸಿದ್ಧಪಡಿಸಿ ತೋರಿಸಬೇಕಾದ ಪ್ರಸಂಗಗಳು ಹಿಂದಿನವರ ಜೀವಮಾನದಲ್ಲಿ ನೋಂದಣಿ ಕಚೇರಿಯಲ್ಲೋ ನ್ಯಾಯಾಲಯದಲ್ಲೋ ಎಲ್ಲೋ ಕೆಲವು ಬಾರಿ ಒದಗುತ್ತಿದ್ದವು; ಇಂದು ನಮಗೆ ಅವು ಬೆಳಗಿನ ಕಾಫಿ ಮುಗಿಯುವುದರೊಳಗಾಗಿ ಮೂರು ನಾಲ್ಕು ಬಾರಿ ಒದಗುತ್ತವೆ. ಇಮೇಲ್ ನೋಡುವುದಕ್ಕೆ ಪಾಸ್‌ವರ್ಡ್, ಕರೆಂಟ್ ಬಿಲ್ಲು ಕಟ್ಟುವುದಕ್ಕೆ ಪಾಸ್‌ವರ್ಡ್, ರೈಲಿನ ಟಿಕೆಟ್ಟಿಗೆ ಮತ್ತೊಂದು. ಈ ವ್ಯವಸ್ಥೆಯ ಬುಡದಲ್ಲಿಯೇ ಒಂದು ವಿರೋಧಾಭಾಸವುಂಟು: ಗುಟ್ಟನ್ನು ಬಲ್ಲವನನ್ನೇ ಖಾತೆಯ ಯಜಮಾನನೆಂದು ಒಪ್ಪುವ ಯಂತ್ರವು, ಆ ಗುಟ್ಟನ್ನು ಪ್ರತಿ ಸಲವೂ ತನ್ನೆದುರು ಬಾಯಿಬಿಟ್ಟು ಹೇಳಬೇಕೆಂದು ಹಟ ಹಿಡಿಯುತ್ತದೆ. ಹೇಳಿದ ಗುಟ್ಟು ಗುಟ್ಟಾಗಿ ಉಳಿಯುವುದೆಂತು? ಪಾಸ್‌ಕೀ ಈ ಪ್ರಶ್ನೆಗೆ ದೊರೆತ ಉತ್ತರ. ಆ ಉತ್ತರವು ಜನಸಾಮಾನ್ಯರ ಕೈಗೆ ಬರುವುದಕ್ಕೆ ಅರವತ್ತು ವರ್ಷಗಳು ಹಿಡಿದವು.

ಕಂಪ್ಯೂಟರ್ ಎಂಬುದು ಕೋಣೆ ತುಂಬುವ ಯಂತ್ರವಾಗಿದ್ದ ಕಾಲದಲ್ಲಿ, ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸಬಹುದಾದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೋ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರದರ್ಶಿಸಿದರು. ಒಬ್ಬೊಬ್ಬರ ಕಡತವೂ ಅವರವರದಾಗಿಯೇ ಉಳಿಯಬೇಕು, ಒಬ್ಬರ ಪಾಲಿನ ಯಂತ್ರಸಮಯವನ್ನು ಮತ್ತೊಬ್ಬರು ಕಬಳಿಸಬಾರದು ಎಂಬ ಸದುದ್ದೇಶದಿಂದ ಅಲ್ಲಿ ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಗೊತ್ತುಮಾಡಲಾಯಿತು. ಮರುವರ್ಷವೇ, ವಾರಕ್ಕೆ ನಾಲ್ಕು ಗಂಟೆಗಳ ಪಾಲು ತನ್ನ ಸಂಶೋಧನೆಗೆ ಸಾಲದಾದಾಗ, ಅಲನ್ ಶೆರ್ ಎಂಬ ವಿದ್ಯಾರ್ಥಿಯು ಪಾಸ್‌ವರ್ಡ್‌ಗಳ ಕಡತವನ್ನೇ ಮುದ್ರಿಸಿಕೊಡುವಂತೆ ಯಂತ್ರಕ್ಕೆ ಪಂಚ್ ಕಾರ್ಡಿನಲ್ಲಿ ಆಜ್ಞೆ ಕೊಟ್ಟು, ಎಲ್ಲರ ಗುಟ್ಟನ್ನೂ ಕಾಗದದ ಮೇಲೆ ಪಡೆದುಕೊಂಡನು. 1966ರಲ್ಲಿ ಇನ್ನೂ ವಿಚಿತ್ರವಾದುದೊಂದು ನಡೆಯಿತು. ಇಬ್ಬರು ಮೇಲ್ವಿಚಾರಕರು ಒಂದೇ ಹೊತ್ತಿನಲ್ಲಿ, ಒಬ್ಬರು ಪಾಸ್‌ವರ್ಡ್‌ಗಳ ಕಡತವನ್ನೂ ಮತ್ತೊಬ್ಬರು ಎಲ್ಲರಿಗೂ ಕಾಣಿಸಬೇಕಾದ ಆ ದಿನದ ಪ್ರಕಟಣೆಯನ್ನೂ ತಿದ್ದುತ್ತಿರಲಾಗಿ, ಎರಡು ಕಡತಗಳೂ ಅದಲುಬದಲಾದವು. ಲಾಗಿನ್ ಆದವರಿಗೆಲ್ಲ ಪ್ರಕಟಣೆಗೆ ಬದಲಾಗಿ ಸಮಸ್ತರ ಪಾಸ್‌ವರ್ಡ್‌ಗಳ ಪಟ್ಟಿಯೇ ಅಚ್ಚಾಗಿ ಬರತೊಡಗಿತು. ಗುಟ್ಟನ್ನು ಒಂದೆಡೆ ರಾಶಿ ಹಾಕುವ ಪದ್ಧತಿಯ ದೋಷವು ಹೀಗೆ ಅದರ ಶೈಶವದಲ್ಲಿಯೇ ಪ್ರಕಟವಾಗಿತ್ತು.

ಈ ದೋಷಕ್ಕೆ ಪರಿಹಾರಗಳು ಬರಲಿಲ್ಲವೆಂದಲ್ಲ. ಪಾಸ್‌ವರ್ಡನ್ನು ಇದ್ದಂತೆಯೇ ಇಡದೆ, ಹಿಂದಿರುಗಿಸಲಾಗದಂತಹ ಗಣಿತಕ್ರಿಯೆಯಿಂದ ಅದನ್ನು ಕಲಸಿ ಇಡುವ ಉಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯುನಿಕ್ಸ್ ವ್ಯವಸ್ಥೆಯಲ್ಲಿ ಬೆಳೆಸಿ, 1979ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಆದರೆ ಅದೇ ಪ್ರಬಂಧವು ಮನುಷ್ಯಸ್ವಭಾವದ ದೌರ್ಬಲ್ಯವನ್ನೂ ಹೊರಗೆಡಹಿತು: ಅವರು ಸಂಗ್ರಹಿಸಿದ 3,289 ಪಾಸ್‌ವರ್ಡ್‌ಗಳ ಪೈಕಿ ಶೇ 86ರಷ್ಟು, ತೀರ ಚಿಕ್ಕವಾಗಿಯೋ ನಿಘಂಟಿನ ಪದಗಳಾಗಿಯೋ ಇದ್ದು, ಊಹೆಗೆ ಸುಲಭವಾಗಿ ಸಿಕ್ಕುವಂಥವಾಗಿದ್ದವು. ಮುಂದೆ ಇಂಟರ್‌ನೆಟ್ ಬೆಳೆದು ಖಾತೆಗಳು ಕೋಟಿ ಕೋಟಿಯಾದಾಗ ಸೋರಿಕೆಯೂ ಅದೇ ಪ್ರಮಾಣದಲ್ಲಿ ಬೆಳೆಯಿತು. 2009ರಲ್ಲಿ ರಾಕ್‌ಯೂ ಎಂಬ ಸಂಸ್ಥೆಯಿಂದ ಕಲಸದೆಯೇ ಇಟ್ಟಿದ್ದ 3.2 ಕೋಟಿ ಪಾಸ್‌ವರ್ಡ್‌ಗಳು ಹೊರಬಿದ್ದವು. 2013ರ ಕಳವಿನಲ್ಲಿ ಯಾಹೂವಿನ 300 ಕೋಟಿ ಖಾತೆಗಳೂ ಸಿಕ್ಕಿಬಿದ್ದಿದ್ದುವೆಂಬುದು 2017ರಲ್ಲಿ ಲೋಕಕ್ಕೆ ತಿಳಿಯಿತು.

ಆಶ್ಚರ್ಯದ ಸಂಗತಿಯೆಂದರೆ, ಗುಟ್ಟನ್ನು ಹೇಳದೆಯೇ ಅದು ತನ್ನಲ್ಲಿ ಉಂಟೆಂದು ತೋರಿಸುವ ವಿದ್ಯೆ ಅಷ್ಟರಲ್ಲಾಗಲೇ ಹಳೆಯದಾಗಿತ್ತು. ವಿಟ್‌ಫೀಲ್ಡ್ ಡಿಫೀ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದ ಗೂಢಲಿಪಿ ತತ್ತ್ವವೂ, ಅದರ ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಅದಕ್ಕೆ ಕೊಟ್ಟ ಗಣಿತರೂಪವೂ ಜೋಡಿ ಕೀಲಿಗಳ ಕಲ್ಪನೆಯನ್ನು ಬಳಕೆಗೆ ತಂದವು. ಒಂದು ಗುಪ್ತ ಕೀಲಿ, ಒಂದು ಬಹಿರಂಗ ಕೀಲಿ. ಗುಪ್ತ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು, ಆದರೆ ಬಹಿರಂಗ ಕೀಲಿಯನ್ನು ಎಷ್ಟು ಕಾಲ ನೋಡುತ್ತ ಕುಳಿತರೂ ಗುಪ್ತ ಕೀಲಿಯನ್ನು ಕಂಡುಹಿಡಿಯಲಾಗದು. ಅರಸನ ಮುದ್ರೆಯುಂಗುರವು ಅರಮನೆಯಿಂದ ಕದಲದೆ, ಅದರ ಅಚ್ಚು ಮಾತ್ರ ಓಲೆಯ ಮೇಲೆ ಊರೂರಿಗೆ ಹೋಗುತ್ತಿದ್ದ ರೀತಿ ಇದು. ತತ್ತ್ವವೇನೋ ಸಿದ್ಧವಾಗಿತ್ತು, ಗುಪ್ತ ಕೀಲಿಯೆಂಬ ಅಷ್ಟು ದೀರ್ಘವಾದ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಾರದ ಸಾಮಾನ್ಯ ಮನುಷ್ಯನು ಅದನ್ನು ಎಲ್ಲಿ ಕಾಪಾಡಿಕೊಳ್ಳಬೇಕೆಂಬುದಕ್ಕೆ ಮಾತ್ರ ಉತ್ತರವಿರಲಿಲ್ಲ.

ಉತ್ತರ ಬಂದುದು ಮೊಬೈಲಿನ ರೂಪದಲ್ಲಿ. 2013ರಲ್ಲಿ ಬಂದ ಐಫೋನ್ 5ಎಸ್, ಬೆರಳಚ್ಚನ್ನು ಓದುವ ಸಾಧನದೊಂದಿಗೆ, ಗುಟ್ಟುಗಳನ್ನು ಪ್ರತ್ಯೇಕವಾಗಿ ಕಾಯುವ ಭಾಗವೊಂದನ್ನು ತನ್ನ ಚಿಪ್‌ನೊಳಗೇ ಪಡೆದಿತ್ತು; ಅಂಥ ಸೌಕರ್ಯವು ಕ್ರಮೇಣ ಇತರ ಫೋನ್‌ಗಳಿಗೂ ಬಂದಿತು. ಅದೇ ವರ್ಷ, ಪಾಸ್‌ವರ್ಡಿನ ಅವಲಂಬನೆಯನ್ನು ತಪ್ಪಿಸುವುದಕ್ಕೆಂದು ಪೇಪಾಲ್, ಲೆನೊವೊ ಮೊದಲಾದ ಸಂಸ್ಥೆಗಳು ಕೂಡಿ ಕಟ್ಟಿದ ಫಿಡೊ ಒಕ್ಕೂಟವು ಲೋಕದ ಮುಂದೆ ಬಂದಿತು. ಗೂಗಲ್ ಕೂಡ ಅದರಲ್ಲಿ ಸೇರಿತು. 2019ರ ಮಾರ್ಚಿನಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯು ವೆಬ್‌ಆಥೆನ್ ಎಂಬ ಮಾನದಂಡವನ್ನು ಅಂಗೀಕರಿಸಿದಾಗ ಈ ವಿದ್ಯೆಗೆ ಎಲ್ಲ ಬ್ರೌಸರ್‌ಗಳಿಗೂ ಸಮಾನವಾದ ಭಾಷೆ ದೊರೆಯಿತು. ಫೋನ್ ಕಳೆದರೆ ಕೀಲಿಯೂ ಕಳೆಯಿತೆಂಬ ಭಯವೊಂದು ಮಾತ್ರ ಉಳಿದಿತ್ತು. 2022ರ ಮೇ ತಿಂಗಳಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಎಂಬ ಮೂರು ಪ್ರತಿಸ್ಪರ್ಧಿ ಸಂಸ್ಥೆಗಳು ಒಟ್ಟಾಗಿ, ಈ ಮಾನದಂಡಕ್ಕೆ ಬೆಂಬಲವನ್ನು ವಿಸ್ತರಿಸಿ, ಒಬ್ಬನ ಕೀಲಿಗಳು ಅವನ ಹಲವು ಸಾಧನಗಳಲ್ಲಿಯೂ ದೊರೆಯುವಂತೆ ಮಾಡುವುದಾಗಿ ಸಾರಿದವು. ಅಲ್ಲಿಂದ ಪಾಸ್‌ಕೀ ಮನೆಮಾತಾಗುವ ಹಾದಿ ಹಿಡಿಯಿತು.

ಅದು ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ನೀವು ಖಾತೆಗೆ ಪಾಸ್‌ಕೀ ಮಾಡಿಕೊಂಡಾಗ, ನಿಮ್ಮ ಫೋನು ಆ ಒಂದು ಜಾಲತಾಣಕ್ಕೆಂದೇ ಹೊಸದೊಂದು ಕೀಲಿಜೋಡಿಯನ್ನು ಸೃಷ್ಟಿಸಿ, ಗುಪ್ತವಾದುದನ್ನು ತಾನಿಟ್ಟುಕೊಂಡು, ಬಹಿರಂಗವಾದುದನ್ನು ಆ ಕಡೆಯ ಸರ್ವರಿಗೆ ಕಳುಹಿಸುತ್ತದೆ. ಮರಳಿ ಲಾಗಿನ್ ಆಗುವಾಗ ಸರ್ವರ್ ಪ್ರತಿ ಬಾರಿಯೂ ಹೊಸದಾದ, ಮೊದಲೇ ಊಹಿಸಲಾಗದ ಒಂದು ಸಂಖ್ಯೆಯನ್ನು ಕಳುಹಿಸಿ, ಇದಕ್ಕೆ ಸಹಿ ಹಾಕಿಕೊಡು ಎನ್ನುತ್ತದೆ. ಫೋನು ನಿಮ್ಮ ಬೆರಳನ್ನೋ ಮುಖವನ್ನೋ ಪಿನ್ನನ್ನೋ ಕೇಳಿ, ನೀವೇ ಹೌದೆಂದು ತನ್ನೊಳಗೇ ನಿಶ್ಚಯಿಸಿಕೊಂಡು, ಸಹಿಯನ್ನು ಮಾತ್ರ ಹಿಂದಕ್ಕೆ ಕಳುಹಿಸುತ್ತದೆ. ಬೆರಳಿನ ಗುರುತು ಫೋನನ್ನು ಬಿಟ್ಟು ಹೋಗುವುದಿಲ್ಲ. ಸರ್ವರಿಗೆ ಕನ್ನ ಹಾಕಿದವನಿಗೆ ಸಿಕ್ಕುವುದು ನಿರುಪಯುಕ್ತವಾದ ಬಹಿರಂಗ ಕೀಲಿ ಮಾತ್ರ.

ಇದಕ್ಕಿಂತ ಮಿಗಿಲಾದ ಗುಣವೊಂದುಂಟು. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಮಾತ್ರ ಬದಲಿಸಿ ಕಟ್ಟಿದ ನಕಲಿ ತಾಣವು ಮನುಷ್ಯನ ಕಣ್ಣನ್ನು ವಂಚಿಸಬಲ್ಲುದು. ಆದರೆ ಪಾಸ್‌ಕೀ ಯಾವ ವಿಳಾಸಕ್ಕೆಂದು ಹುಟ್ಟಿತೋ ಆ ವಿಳಾಸಕ್ಕಲ್ಲದೆ ಉತ್ತರ ಕೊಡುವುದಿಲ್ಲವಾಗಿ, ನೀವು ಮೋಸಹೋದರೂ ಅದು ಮೋಸಹೋಗದು. ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ದೃಢೀಕರಣವನ್ನು 2009ರ ಆಗಸ್ಟಿನಿಂದ ಕಡ್ಡಾಯ ಮಾಡಿದ ತರುವಾಯ ನಮ್ಮ ದೇಶದಲ್ಲಿ ಮನೆಮನೆಗೂ ಬಂದ ಒಟಿಪಿಯು ದೊಡ್ಡ ಉಪಕಾರವನ್ನೇ ಮಾಡಿತು. ಆದರೂ ಅದು ಓದಿ ಹೇಳಬಹುದಾದ ಅಂಕಿಯಾದುದರಿಂದ, ಬ್ಯಾಂಕಿನ ಅಧಿಕಾರಿಯಂತೆ ಮಾತನಾಡುವ ಕಳ್ಳನು ಅದನ್ನು ಫೋನಿನಲ್ಲಿ ಕೇಳಿ ಪಡೆಯಬಲ್ಲನು. ಪಾಸ್‌ಕೀಯಲ್ಲಿ ಓದಿ ಹೇಳುವುದಕ್ಕೆ ಏನೂ ಇಲ್ಲ; ಬಾಯ್ತಪ್ಪಿ ಆಡುವ ಮಾತೂ ಇಲ್ಲ.

ಕುಂದುಗಳಿಲ್ಲವೆ? ಉಂಟು. ಪಾಸ್‌ಕೀ ಮಾಡಿಕೊಂಡ ಮೇಲೂ ಬಹುತೇಕ ತಾಣಗಳು ಹಳೆಯ ಪಾಸ್‌ವರ್ಡನ್ನು ಹಿತ್ತಿಲ ಬಾಗಿಲಾಗಿ ಉಳಿಸಿಕೊಂಡಿವೆ. ಒಂದು ಕಂಪನಿಯ ವ್ಯವಸ್ಥೆಯಲ್ಲಿಟ್ಟ ಕೀಲಿಗಳನ್ನು ಮತ್ತೊಂದಕ್ಕೆ ಸಾಗಿಸುವುದು ಇನ್ನೂ ಎಲ್ಲೆಡೆ ಸುಗಮವಾಗಿಲ್ಲ. ಒಂದೇ ಫೋನನ್ನು ಇಡೀ ಮನೆಯವರು ಬಳಸುವಲ್ಲಿ, ಅದನ್ನು ತೆರೆಯಬಲ್ಲವರೆಲ್ಲರ ಕೈಗೂ ಕೀಲಿಯು ಎಟಕುತ್ತದೆ. ಇವು ತಿದ್ದಿಕೊಳ್ಳಬಹುದಾದ ಕುಂದುಗಳು. ಗುಟ್ಟನ್ನು ಹೇಳಿಯೇ ತೀರಬೇಕಾದ ಹಳೆಯ ಪದ್ಧತಿಯ ಕುಂದಾದರೋ ಅದರ ಹುಟ್ಟಿನೊಡನೆಯೇ ಬಂದುದು.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಇತರ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೊಂಡಿಗಳೆಲ್ಲ ಬಂದು ಸೇರುವುದು ಇಮೇಲ್ ಖಾತೆಗಾದ್ದರಿಂದ, ಮೊದಲು ಅದರ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗವನ್ನು ತೆರೆದು ಪಾಸ್‌ಕೀ ಮಾಡಿಕೊಳ್ಳಿ. ಸಾಧ್ಯವಾದರೆ ಎರಡನೆಯ ಸಾಧನವೊಂದರಲ್ಲಿಯೂ ಮಾಡಿಡಿ. ಖಾತೆಯನ್ನು ಮರಳಿ ಪಡೆಯುವುದಕ್ಕೆ ಕೊಟ್ಟಿರುವ ಮೊಬೈಲ್ ಸಂಖ್ಯೆ ಈಗಲೂ ನಿಮ್ಮದೇ ಎಂಬುದನ್ನು ನೋಡಿಕೊಳ್ಳಿ. ಅನಂತರ ಮನೆಯ ಹಿರಿಯರ ಬಳಿ ಅರ್ಧ ಗಂಟೆ ಕುಳಿತು, ಅವರ ಫೋನಿನಲ್ಲಿ ಅವರದೇ ಬೆರಳಿನಿಂದ ಇದನ್ನು ಮಾಡಿಸಿಕೊಡಿ. ವಂಚಕರ ಕರೆಗಳು ಹೆಚ್ಚಾಗಿ ಹುಡುಕಿಕೊಂಡು ಬರುವುದು ಅವರನ್ನೇ.