ನೊಂದ ಮನೆಗೆ ನೆರೆಯ ನೆರವು

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಒಲವಿರುವ ಮನೆಯಲ್ಲಿ ಈ ಮಾತು ದಿಟವೇ. ಸಾರಿಗೆ ಉಪ್ಪು ಹೆಚ್ಚಾಯಿತೆಂದೋ, ಹಬ್ಬಕ್ಕೆ ಸೀರೆ ಬರಲಿಲ್ಲವೆಂದೋ ಹುಟ್ಟಿದ ಮುನಿಸು ಊಟದ ಹೊತ್ತಿಗೆ ಕರಗಿಹೋಗುವುದುಂಟು. ಆದರೆ ಹೊಡೆತ ಬಡಿತಗಳೇ ನಿತ್ಯದ ಪಾಡಾಗಿರುವ ಮನೆಗೂ ಇದೇ ಗಾದೆಯನ್ನು ಹೇಳಿ, ನೆರೆಹೊರೆಯವರು ಕದವಿಕ್ಕಿಕೊಂಡು ಕುಳಿತುಬಿಡುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಜಗಳವೆಂಬುದು ಸರಿಸಮಾನರಾದ ಇಬ್ಬರ ನಡುವಣ ಮಾತು. ಒಬ್ಬರು ಹೊಡೆಯುತ್ತಲೂ ಮತ್ತೊಬ್ಬರು ಹೆದರುತ್ತಲೂ ಬಾಳುವುದು ಜಗಳವಲ್ಲ, ಹಿಂಸೆ. ಈ ಭೇದವನ್ನು ಅರಿತುಕೊಳ್ಳುವುದೇ ನೊಂದವರಿಗೆ ನಾವು ಮಾಡಬಹುದಾದ ಮೊದಲನೆಯ ಉಪಕಾರ.

ಇದು ಎಲ್ಲಿಯೋ ಒಂದೆರಡು ಮನೆಗಳ ಮಾತೆಂದು ತಿಳಿಯಲಾಗದು. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ೧೮ರಿಂದ ೪೯ ವಯಸ್ಸಿನ ವಿವಾಹಿತ ಸ್ತ್ರೀಯರ ಪೈಕಿ ನೂರಕ್ಕೆ ೪೪ ಮಂದಿ ತಾವು ಪತಿಯಿಂದ ಹಿಂಸೆಯನ್ನು ಅನುಭವಿಸಿದುದಾಗಿ ತಿಳಿಸಿದರು. ಇಡೀ ದೇಶದ ಪ್ರಮಾಣ ನೂರಕ್ಕೆ ೨೯ ಮಾತ್ರ. ಇದಕ್ಕಿಂತಲೂ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಹಿಂಸೆಗೊಳಗಾದ ಸ್ತ್ರೀಯರಲ್ಲಿ, ದೇಶದ ಲೆಕ್ಕದಂತೆ, ನೆರವನ್ನು ಕೋರಿದವರು ನೂರಕ್ಕೆ ಸುಮಾರು ೧೪ ಮಂದಿ. ಉಳಿದವರಲ್ಲಿ ಬಹುಪಾಲು ಜನ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಏಕೆ ಬಾಯಿಬಿಡುವುದಿಲ್ಲ? ತವರಿಗೆ ಹೋದರೆ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಮಾತು ಎದುರಾಗುತ್ತದೆ. ಮದುವೆಯಾಗದ ತಂಗಿಯೊಬ್ಬಳಿದ್ದರೆ ಅವಳ ಗತಿಯೇನೆಂಬ ಚಿಂತೆ ಕಾಡುತ್ತದೆ. ಕೈಯಲ್ಲಿ ಕಾಸಿಲ್ಲ, ಮಕ್ಕಳ ಶಾಲೆ ಬಿಡಿಸುವಂತಿಲ್ಲ. ಆದುದರಿಂದಲೇ ಹಣೆಯ ಗಾಯವನ್ನು ಕಂಡು ವೈದ್ಯರು ಕೇಳಿದರೆ 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂಬ ಉತ್ತರ ಬರುತ್ತದೆ. ದಾರಿ ಇಲ್ಲವೆಂದು ತಿಳಿದವಳು ಸುಳ್ಳು ಹೇಳದೆ ಮತ್ತೇನು ಮಾಡಿಯಾಳು? ದಾರಿಗಳಿವೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕಾದುದು ಇದರಿಂದಲೇ.

೨೦೦೫ರಲ್ಲಿ ಸಂಸತ್ತು ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ ಕಾಯಿದೆಯನ್ನು ಮಾಡಿತು; ಅದು ೨೦೦೬ರ ಅಕ್ಟೋಬರ್ ೨೬ರಿಂದ ಜಾರಿಗೆ ಬಂದಿತು. ಮೈಮೇಲೆ ಕೈಮಾಡುವುದಷ್ಟೇ ಹಿಂಸೆಯೆಂದು ಈ ಕಾಯಿದೆ ಹೇಳುವುದಿಲ್ಲ. ಹೀನಾಯವಾಗಿ ಬೈಯುವುದು, ಮಕ್ಕಳಿಲ್ಲವೆಂದು ಹಂಗಿಸುವುದು, ಮನೆವೆಚ್ಚಕ್ಕೆ ಹಣ ಕೊಡದಿರುವುದು, ಅವಳ ಒಡವೆಯನ್ನು ಕಿತ್ತುಕೊಳ್ಳುವುದು, ಲೈಂಗಿಕ ಬಲಾತ್ಕಾರ, ಇವೆಲ್ಲವೂ ಹಿಂಸೆಯೇ. ಪತ್ನಿಗೆ ಮಾತ್ರವಲ್ಲ, ಮಗನ ಕೈಯಲ್ಲಿ ನೊಂದ ತಾಯಿಗೂ, ಅಣ್ಣನ ಮನೆಯಲ್ಲಿ ನೊಂದ ವಿಧವೆ ತಂಗಿಗೂ ಇದರ ರಕ್ಷಣೆಯುಂಟು. ಹಿಂಸೆ ನಿಲ್ಲಿಸುವಂತೆ ಆಜ್ಞೆ, ವಾಸಿಸುತ್ತಿರುವ ಮನೆಯಿಂದ ಹೊರದೂಡದಂತೆ ಆಜ್ಞೆ, ಜೀವನಾಂಶ, ಮಕ್ಕಳನ್ನು ತನ್ನ ಬಳಿ ಇರಿಸಿಕೊಳ್ಳುವ ಹಕ್ಕು, ಪರಿಹಾರಧನ ಇವನ್ನು ಮ್ಯಾಜಿಸ್ಟ್ರೇಟರಲ್ಲಿ ಕೇಳಬಹುದು. ಮನೆ ಗಂಡನ ಹೆಸರಿನಲ್ಲಿಲ್ಲ, ಮಾವನ ಹೆಸರಿನಲ್ಲಿದೆ ಎಂಬ ಕಾರಣಕ್ಕೆ ಸೊಸೆಯ ವಾಸದ ಹಕ್ಕು ತಪ್ಪಿಹೋಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ತೀರ್ಪಿತ್ತಿದೆ. ರಕ್ಷಣಾ ಆಜ್ಞೆಯನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, ೨೦,೦೦೦ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಕಾಯಿದೆಯ ಪುಸ್ತಕವು ಮನೆಬಾಗಿಲಿಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಮುಟ್ಟಿಸುವುದಕ್ಕೆಂದೇ ಸಂರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಈ ಹೊಣೆಯನ್ನು ಒಪ್ಪಿಸಲಾಗಿದೆ. ಅವರ ಕಚೇರಿ ಎಲ್ಲಿದೆಯೆಂಬುದು ತಿಳಿಯದಿದ್ದರೆ ಊರಿನ ಅಂಗನವಾಡಿಯಲ್ಲಿ ಕೇಳಿದರೆ ಸಾಕು. ಅವರು ನೊಂದವಳ ಮಾತನ್ನು ಕೇಳಿ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಚಿಕಿತ್ಸೆ, ಆಶ್ರಯ, ವಕೀಲರ ನೆರವು ಒದಗುವಂತೆ ನೋಡಿಕೊಳ್ಳಬೇಕು. ವಕೀಲರ ಶುಲ್ಕಕ್ಕೂ ಅಂಜಬೇಕಾಗಿಲ್ಲ. ವರಮಾನ ಎಷ್ಟೇ ಇರಲಿ, ಸ್ತ್ರೀಯಾದವಳಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು ೧೯೮೭ರ ಕಾಯಿದೆ ಕೊಟ್ಟಿದೆ. ಇದಕ್ಕಾಗಿ ಕಾನೂನು ಸೇವಾ ಸಮಿತಿಗಳಿವೆ. ದೂರವಾಣಿಯ ಸಂಖ್ಯೆ ೧೫೧೦೦.

೨೦೧೫ರಿಂದ ಸಖಿ ಎಂಬ ಹೆಸರಿನ ಕೇಂದ್ರಗಳು ಜಿಲ್ಲೆಗಳಲ್ಲಿ ಏರ್ಪಟ್ಟಿವೆ. ಪೊಲೀಸ್ ಠಾಣೆಗೊಮ್ಮೆ, ಆಸ್ಪತ್ರೆಗೊಮ್ಮೆ, ವಕೀಲರಲ್ಲಿಗೊಮ್ಮೆ ಅಲೆದು ಅದೇ ದುಃಖವನ್ನು ಹತ್ತು ಕಡೆ ಹೇಳಿಕೊಳ್ಳುವ ಬವಣೆಯನ್ನು ತಪ್ಪಿಸಿ, ಎಲ್ಲ ನೆರವನ್ನೂ ಒಂದೇ ಸೂರಿನಡಿ ಕೊಡಿಸುವುದು ಇವುಗಳ ಉದ್ದೇಶ. ಕೆಲವು ದಿನಗಳ ತಂಗುದಾಣವೂ ಅಲ್ಲಿ ದೊರೆಯುತ್ತದೆ. ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ ಸಾಂತ್ವನ ಕೇಂದ್ರಗಳೂ ನಮ್ಮ ರಾಜ್ಯದಲ್ಲಿ ಈ ಕೆಲಸ ಮಾಡಿಕೊಂಡು ಬಂದಿವೆ. ಬೆಂಗಳೂರಿನ ವಿಮೋಚನಾ ಸಂಸ್ಥೆಯಂತೂ ಈ ಕಾಯಿದೆಗಳು ಹುಟ್ಟುವುದಕ್ಕೆ ಮೊದಲೇ, ೧೯೭೯ರಿಂದ, ನೊಂದ ಸ್ತ್ರೀಯರ ಪಕ್ಕದಲ್ಲಿ ನಿಂತಿದೆ. ಸ್ತ್ರೀಯರ ಸಹಾಯವಾಣಿ ೧೮೧, ಪ್ರಾಣಾಪಾಯವಿದ್ದರೆ ೧೧೨, ಮಕ್ಕಳಿಗಾಗಿ ೧೦೯೮. ಈ ಸಂಖ್ಯೆಗಳನ್ನು ಅಡುಗೆಮನೆಯ ಪಂಚಾಂಗದ ಮೂಲೆಯಲ್ಲಿ ಬರೆದಿಟ್ಟರೆ ನಷ್ಟವೇನೂ ಇಲ್ಲ. ತಮಗೆ ಬೇಡವಾದರೂ ಬಂದುಹೋಗುವವರಲ್ಲಿ ಯಾರಿಗಾದರೂ ಬೇಕಾದೀತು.

ಇಷ್ಟೆಲ್ಲ ಇದ್ದರೂ ಮೊದಲ ಬಾಗಿಲು ನೆರೆಮನೆಯದೇ. ಹಿಂಸೆ ನಡೆಯುತ್ತಿದೆಯೆಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬಾರದೆಂದು ಕಾಯಿದೆಯೇ ಅಭಯವಿತ್ತಿದೆ. ಕೂಗು ಕೇಳಿಬಂದಾಗ ಸಕ್ಕರೆ ಬೇಕೆಂದೋ, ಗಂಟೆ ಎಷ್ಟೆಂದೋ ನೆಪ ಮಾಡಿಕೊಂಡು ಕದ ತಟ್ಟಿದರೂ ಎತ್ತಿದ ಕೈ ಎಷ್ಟೋ ವೇಳೆ ಇಳಿಯುತ್ತದೆ. ಕದ ತಟ್ಟುವುದೇ ಅಪಾಯವೆನಿಸಿದರೆ ೧೧೨ಕ್ಕೆ ಕರೆ ಮಾಡಬೇಕು. ಅನಂತರ ಅವಳೊಬ್ಬಳೇ ಸಿಕ್ಕಾಗ, 'ಅಕ್ಕಾ, ನಿಮಗೆ ಏನು ಬೇಕೆಂದು ನೀವೇ ಹೇಳಿ, ನಾನಿದ್ದೇನೆ' ಎನ್ನಬೇಕು. 'ಹೊಂದಿಕೊಂಡು ಹೋಗು' ಎಂಬ ಉಪದೇಶವೂ ಬೇಡ, 'ಇಂದೇ ಬಿಟ್ಟು ಬಾ' ಎಂಬ ಅವಸರವೂ ಬೇಡ. ಮನೆ ಬಿಡುವ ಹೊತ್ತೇ ಬಹಳ ವೇಳೆ ಹೆಚ್ಚಿನ ಅಪಾಯದ ಹೊತ್ತು. ಪಡಿತರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ, ಮಕ್ಕಳ ಜನನ ಪತ್ರ, ಮದುವೆಯ ಒಂದು ಚಿತ್ರ ಇವುಗಳ ಪ್ರತಿಗಳನ್ನು ನಮ್ಮ ಪೆಟ್ಟಿಗೆಯಲ್ಲಿ ಇರಿಸಿಕೊಂಡರೆ ಅದು ದೊಡ್ಡ ನೆರವು. ಗಾಯವಾದಾಗ ವೈದ್ಯರಿಗೆ ನಿಜವನ್ನೇ ಹೇಳುವಂತೆ ಧೈರ್ಯ ಹೇಳಬೇಕು. ಅವರ ಬರಹ ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ಒಮ್ಮೆ ಹೊರಟವಳು ಮತ್ತೆ ಹಿಂದಿರುಗಿದಳೆಂದು ಬೇಸರಪಟ್ಟು ಕೈಬಿಡಬಾರದು. ಎರಡನೆಯ ಸಲ ಹೊರಡುವಾಗ ಅವಳಿಗೆ ನೆನಪಾಗಬೇಕಾದ ಬಾಗಿಲು ನಮ್ಮದೇ.

'ಇದರಿಂದ ಸಂಸಾರಗಳು ಒಡೆಯುವುದಿಲ್ಲವೇ?' ಎಂದು ಹಿರಿಯರು ಕೇಳುವುದುಂಟು. ಸಂಸಾರವನ್ನು ಒಡೆಯುವುದು ಹೊಡೆತವೇ ಹೊರತು ಅದನ್ನು ತಡೆಯುವ ಕೈಯಲ್ಲ. ಕತ್ತಲಲ್ಲಿ ಕಂಬಳಿಯೊಳಗೆ ಮುದುಡಿಕೊಂಡು ಎಲ್ಲವನ್ನೂ ಆಲಿಸುತ್ತಿರುವ ಮಗುವನ್ನು ನೆನೆಯಿರಿ. ಆ ಮಗು ಪಾಠದಲ್ಲಿ ಹಿಂದೆ ಬೀಳುವುದೂ, ನಿದ್ದೆಯಲ್ಲಿ ಬೆಚ್ಚುವುದೂ, ಬಲವಿದ್ದವನು ಹೊಡೆಯಬಹುದೆಂಬ ಪಾಠವನ್ನು ಕಲಿಯುವುದೂ ಒಡೆದ ಸಂಸಾರದ ಲಕ್ಷಣಗಳೇ ಅಲ್ಲವೇ?

ಕುಡಿತವೇ ಕಾರಣವೆಂದು ಹೇಳಿ ಸುಮ್ಮನಾಗುವವರೂ ಇದ್ದಾರೆ. ಕುಡಿತ ಹಿಂಸೆಯನ್ನು ಹೆಚ್ಚಿಸುವುದು ನಿಜ; ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಕಡೆಗಳಲ್ಲಿ ಚಿಕಿತ್ಸೆಯುಂಟು, ಅದನ್ನು ಕೊಡಿಸಬೇಕು. ಆದರೆ ಅದೇ ಅಮಲಿನಲ್ಲಿ ಅವನು ಧಣಿಯ ಮೇಲೆ ಕೈಯೆತ್ತಲಿಲ್ಲ, ಅಂಗಡಿಯವನನ್ನು ಹೊಡೆಯಲಿಲ್ಲ. ಮನೆಗೆ ಬಂದು ಹೆಂಡತಿಯನ್ನೇ ಹೊಡೆದನು. ಈ ಮಾತನ್ನು ಅವನಿಗೆ ಹೇಳತಕ್ಕವರು ಅವನ ಅಣ್ಣತಮ್ಮಂದಿರು, ಗೆಳೆಯರು, ಹೆತ್ತ ತಾಯಿ. ಅವರು ಹೇಳಿದರೆ ಕೇಳುವ ಸಂಭವ ಹೆಚ್ಚು.

ಹೆಣ್ಣುಮಕ್ಕಳನ್ನು ಕೊಟ್ಟಿರುವ ತಂದೆತಾಯಿಗಳಲ್ಲಿ ಕೊನೆಯದಾಗಿ ಒಂದು ಬಿನ್ನಹ. ಮಗಳನ್ನು ಕಳುಹಿಸುವಾಗ ಮಡಿಲು ತುಂಬುವುದು ನಮ್ಮ ಸಂಪ್ರದಾಯ. ಅಕ್ಕಿ, ಬೆಲ್ಲ, ಕೊಬ್ಬರಿಗಳೊಡನೆ 'ಈ ಮನೆಯ ಕದ ನಿನಗೆ ಎಂದೆಂದೂ ತೆರೆದಿದೆಯಮ್ಮ' ಎಂಬ ಮಾತನ್ನೂ ಅವಳ ಮಡಿಲಿಗೆ ಹಾಕಿ ಕಳುಹಿಸೋಣ.