ತಂಪು ಮಾಡುವ ಯಂತ್ರದ ಗುಟ್ಟು

ಹವಾನಿಯಂತ್ರಣ ಯಂತ್ರ ತಂಪನ್ನು ತಯಾರಿಸುವುದಿಲ್ಲ. ಕೋಣೆಯ ಶಾಖವನ್ನು ಹೊರಗೆ ಸಾಗಿಸುತ್ತದೆ. ಐಟಿಐಗೆ ಈ ಕಸುಬು ಕಲಿಯಲು ಬಂದವರು ಮೊದಲು ತಿಳಿಯಬೇಕಾದದ್ದು ಇದೇ. ಮಣ್ಣಿನ ಹೂಜಿಯಿಂದ ಜಿನುಗಿದ ನೀರು ಆವಿಯಾಗುತ್ತಾ ಶಾಖ ಹೀರುವುದಿಲ್ಲವೇ? ಹಾಗೆಯೇ ಒಳಗಿನ ಕೊಳವೆಯಲ್ಲಿ ದ್ರವರೂಪದ ಗ್ಯಾಸ್ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಕೊಳವೆಯಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಸಪೂರ ನಳಿಕೆ ದಾಟುವಾಗ ಒತ್ತಡ ಇಳಿದು, ತಣ್ಣಗಾಗಿ ಒಳಗೆ ಮರಳುತ್ತದೆ.

ಈ ಸುತ್ತಿನಲ್ಲಿ ಗ್ಯಾಸ್ ಖರ್ಚಾಗುವುದೇ ಇಲ್ಲ. ‘ಗ್ಯಾಸ್ ಮುಗಿದಿದೆ’ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ಮತ್ತೆ ತುಂಬಿದರೆ ಮನೆಯವರ ಹಣ ಪೋಲು. 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ಕಡಿವಾಣಕ್ಕೆ ಸಿಕ್ಕ ಆರ್-22 ಓಜೋನ್ ಪದರಕ್ಕೆ ಮಾರಕ. ಕೆಲವು ಹೊಸ ಯಂತ್ರಗಳ ಆರ್-290 ಎಂದರೆ ಪ್ರೊಪೇನ್. ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಗ್ಯಾಸ್ ತುಂಬುವುದಕ್ಕಿಂತ ಮೊದಲು ಹುಡುಗರು ಸೋಪಿನ ನೊರೆ ಹಚ್ಚಿ ಸೋರಿಕೆ ಹುಡುಕುವುದನ್ನು ಕಲಿಯಬೇಕು.